ಸಾಲಿನ ಕೊನೆಗೆ ನಿಲ್ಲುವುದು

ನಮ್ಮ ಊರಿನವರೆಲ್ಲ ಇಪ್ಪತ್ತೊಂಬತ್ತು ವರ್ಷ ದಿನಾ ಕೇಳಿಸಿಕೊಂಡ, ಆದರೆ ಯಾರೂ ಮುಖ ನೋಡದ ಒಬ್ಬ ಹೆಂಗಸಿದ್ದರು. ಬಸ್ ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮಿನಿಂದ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಟಿಕೆಟ್ ಕೌಂಟರಿನ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ, ಕಿಟಕಿಯಿಲ್ಲದ ಗೂಡಿನಂಥ ಕೋಣೆ. ಒಂದು ಮೇಜು, ಒಂದು ಮೈಕು, ಎಣ್ಣೆ ಕಾಣದ ಫ್ಯಾನು, ಗೋಡೆಗೆ ಅಂಟಿಸಿದ ವೇಳಾಪಟ್ಟಿ. ಅಲ್ಲಿ ಕೂತು ಅವರು ಹೊರಡಿಸಿದ ಬಸ್ಸುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವರಲ್ಲ. ನಾನು ಕಾಲೇಜಿಗೆ ಹೋಗುವಾಗ ಮೂರು ವರ್ಷ ಆ ದನಿ ಕೇಳಿಯೇ ಬಸ್ಸಿಗೆ ಓಡಿದವನು. ಓಡಿದವನು ಎಂದೆ, ಹತ್ತಿದ್ದು ಕಡಿಮೆ.

ಆ ದನಿಗೆ ಒಂದು ಅಭ್ಯಾಸವಿತ್ತು. ಊರಿನ ಹೆಸರು ಹೇಳಿ ನಿಂತುಬಿಡುತ್ತಿತ್ತು. ಮುಂದಿನ ಮಾತು ಬರುವಷ್ಟರಲ್ಲಿ ಕೇಳುವವನು ತಲೆ ಎತ್ತಿ, ಅದು ತನ್ನದೇ ಊರೋ ಅಲ್ಲವೋ ಎಂದು ನಿರ್ಧರಿಸಬಹುದಾದಷ್ಟು ಹೊತ್ತು. ಮೇಲಿನವರು ಇದಕ್ಕೆ ಎರಡು ಸಲ ಮೆಮೊ ಕೊಟ್ಟಿದ್ದರಂತೆ, ಜನ ಮೈಕು ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದು. ಅವರು ಎರಡಕ್ಕೂ ಸಹಿ ಹಾಕಿ ಇಸಿದುಕೊಂಡು, ಮಾರನೆಯ ದಿನ ಹಾಗೇ ನಿಂತಿದ್ದರು.

ಅವರು ನಿವೃತ್ತರಾದ ಮೇಲೆ ಆ ದನಿ ನೇರವಾಗಿ ನನ್ನ ಕಿವಿಗೆ ಬಂದು ಬಿತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಒಂದು ಸಣ್ಣ ಕಚೇರಿಯಲ್ಲಿ ನನಗೆ ಕೆಲಸ. ಗಾಜಿನ ಕೋಣೆಯಲ್ಲಿ ಓದುವವರು ಕೂತು ಓದುತ್ತಾರೆ. ಹೊರಗೆ ನಾನು ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತುತ್ತೇನೆ. ಆಮೇಲೆ ಅವರ ಕೆಮ್ಮು, ಪುಟ ತಿರುವಿದ ಸದ್ದು, ನಾಲಗೆ ತಡವರಿಸಿದ್ದು, ಕುರ್ಚಿ ಕಿರುಗುಟ್ಟಿದ್ದು ಎಲ್ಲವನ್ನೂ ಹೆಕ್ಕಿ ತೆಗೆಯುತ್ತೇನೆ. 'ಅಷ್ಟು ಓದಿ ಕಂಡೋರ ಕೆಮ್ಮು ಹೆಕ್ಕೋ ಕೆಲಸ ಸಿಕ್ತಾ?' ಎಂದು ಅಮ್ಮ ಕೇಳಿದ್ದಳು. ನಾನು ಇದನ್ನು ಸೌಂಡ್ ಎಡಿಟಿಂಗ್ ಎನ್ನುತ್ತಾರೆ ಎಂದು ತಿದ್ದಿದೆ. ಅವಳು ತಿದ್ದಿಕೊಳ್ಳಲಿಲ್ಲ.

ಅರವತ್ತು ದಾಟಿದ ಮೇಲೆ ಅಲ್ಲಿಗೆ ಓದಲು ಬಂದ ಆ ಮೈಕಿನ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಆರು ವರ್ಷದಲ್ಲಿ ಅವರು ಭೂಗೋಳ, ಅರ್ಥಶಾಸ್ತ್ರ, ಪೌರನೀತಿ, ಕೋಳಿ ಸಾಕಣೆ, ಎಲ್ಲವನ್ನೂ ಓದಿದರು. ಎಲ್ಲದರಲ್ಲೂ ನಿಲ್ಲಬೇಕಾದ ಕಡೆ ನಿಲ್ಲುತ್ತಿದ್ದರು. ನಾನು ಎಲ್ಲ ಕಡೆಯೂ ಕತ್ತರಿಸುತ್ತಿದ್ದೆ. ಅವರಿಗದು ಗೊತ್ತಿತ್ತು.

"ನನ್ನ ಉಸಿರನ್ನೆಲ್ಲ ತೆಗೆದು ಏನ್ ಮಾಡ್ತೀಯಪ್ಪಾ?" ಎಂದು ಒಮ್ಮೆ ಕೇಳಿದರು.

"ಕಸದ ಬುಟ್ಟಿಗೆ ಹಾಕ್ತೀನಿ ಅಕ್ಕ."

"ಸುಮ್ನೆ ಯಾಕೆ ದಂಡ ಮಾಡ್ತೀಯ. ನಿಮ್ಮ ಮೇನೇಜರಿಗೆ ಕೊಡು. ಮೆಟ್ಲು ಹತ್ತಿ ಬಂದಾಗ ನೋಡಕ್ಕಾಗಲ್ಲ ಅವರನ್ನ."

ಮನೆಯಲ್ಲಿ ಅವರಿಗೆ ಮಾತಿಗೆ ಅವಕಾಶ ಕಡಿಮೆ. ಮದುವೆಯಾಗಲಿಲ್ಲ; ಗಂಡನನ್ನು ಕಳೆದುಕೊಂಡ ತಂಗಿಯ ಜೊತೆ, ಟೈರು ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇದ್ದರು. ತಂಗಿ ಬಾಯಿ ತೆಗೆದರೆ ಅರಳು ಹುರಿದ ಹಾಗೆ. ಅಕ್ಕನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಅಕ್ಕ ಹೇಳುತ್ತಿದ್ದರು, ನಾನು ಮಾತಾಡಬೇಕು ಅನ್ನಿಸಿದರೆ ಇಲ್ಲಿಗೆ ಬಂದು ಕೋಳಿ ಸಾಕಣೆ ಓದುತ್ತೇನೆ ಎಂದು.

ಕಳೆದ ವರ್ಷ ಅವರ ದನಿಯಲ್ಲಿ ಮರಳು ಸೇರಿಕೊಂಡಿತು. ಮೊದಲು ನಾನು ಮೈಕಿನ ತಂತಿ ಬದಲಿಸಿದೆ. ಆಮೇಲೆ ಮೈಕನ್ನೇ ಬದಲಿಸಿದೆ. ಯಂತ್ರದಲ್ಲೇ ತಪ್ಪು ಹುಡುಕುವುದು ನನ್ನ ಸ್ವಭಾವ, ಅದು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದೆ. ಎರಡು ತಿಂಗಳು ಕಳೆದು ಒಂದು ಮಧ್ಯಾಹ್ನ ಅವರು ಆಸ್ಪತ್ರೆಯಿಂದ ನೇರವಾಗಿ ಕಚೇರಿಗೆ ಬಂದರು, ಕೈಯಲ್ಲಿ ಎಕ್ಸ್‌ರೇ ಹಾಕಿದ ದೊಡ್ಡ ಕವರು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಕುತ್ತಿಗೆಯಲ್ಲಿ ತೂತು ಮಾಡುತ್ತಾರೆ, ಉಸಿರಾಟ ಅಲ್ಲಿಂದಲೇ. ದಿನ ಗೊತ್ತಾಗಿದೆ, ಹನ್ನೆರಡು ದಿನ ಉಳಿದಿದೆ. ಇದನ್ನು ಅವರು, ಬಸ್ಸು ಹತ್ತು ನಿಮಿಷ ತಡವಾಗಿ ಹೊರಡಲಿದೆ ಎನ್ನುವ ಹಾಗೆ ಹೇಳಿದರು. ಆಮೇಲೆ ಮೇನೇಜರನ್ನು ಕೇಳಿದರು: ಹತ್ತು ದಿನದಲ್ಲಿ ಮುಗಿಯುವಂಥ ಪಾಠ ಯಾವುದಾದರೂ ಇದೆಯೇ?

ಇದ್ದದ್ದು ಒಂದೇ. ಯಾರೂ ಮುಟ್ಟದೆ ಆರು ತಿಂಗಳಿಂದ ಕಪಾಟಿನಲ್ಲಿ ಬಿದ್ದಿದ್ದ ಕಾಲೇಜು ಪುಸ್ತಕದ ಮೊದಲ ಘಟಕ, 'ಕಾವ್ಯ: ಒಂದು ಪರಿಚಯ'. ಅದರಲ್ಲಿ ಉದಾಹರಣೆಗೆಂದು ಹನ್ನೊಂದು ಪದ್ಯಗಳಿದ್ದವು, ಅದಕ್ಕೇ ಓದುವವರೆಲ್ಲ ಜಾರಿಕೊಂಡಿದ್ದರು. ಅಕ್ಕನೂ ಮೊದಲು, ಪದ್ಯ ತಮಗೆ ಆಗಿಬರುವುದಿಲ್ಲ, ಕೋಳಿಯೇ ವಾಸಿ ಎಂದರು. ಪರೀಕ್ಷೆಗೆ ಮೂರು ತಿಂಗಳಿದೆ, ಇಪ್ಪತ್ತಾರು ಮಕ್ಕಳು ಈ ಪಾಠಕ್ಕಾಗಿ ಕಾಯುತ್ತಿದ್ದಾರೆ ಎಂದು ಮೇನೇಜರು ಹೇಳಿದ ಮೇಲೆ ಪುಸ್ತಕ ಎತ್ತಿಕೊಂಡರು.

ಮೊದಲ ದಿನ ನಾವಿಬ್ಬರೂ ಟೀ ಕುಡಿಯುತ್ತ ಪಾಠದ ಮೇಲೆ ಕಣ್ಣಾಡಿಸಿದೆವು. ಕಾವ್ಯವು ಭಾವದ ಉಕ್ಕು, ಕಾವ್ಯಕ್ಕೆ ಲಯವೇ ಪ್ರಾಣ, ಕಾವ್ಯವು ಚಿತ್ರಗಳ ಮೂಲಕ ಮಾತಾಡುತ್ತದೆ ಎಂದು ಒಂದರ ಹಿಂದೆ ಒಂದು ವ್ಯಾಖ್ಯೆ.

"ಭಾವ ಉಕ್ಕಿದ್ರೆ ಪದ್ಯವಂತೆ," ಅಕ್ಕ ಹೇಳಿದರು. "ನಮ್ಮ ತಂಗಿಗೆ ದಿನಾ ಉಕ್ಕುತ್ತೆ. ಒಲೆ ಒರೆಸೋಳು ನಾನು."

ನಾನು ನನ್ನ ಪಾಂಡಿತ್ಯ ಬಿಚ್ಚಿದೆ. ಶಾಲೆಯಲ್ಲಿ ಪದ್ಯಭಾಗವನ್ನು ಪೂರ್ತಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಂದು ಪದ್ಯದ ಮೊದಲರ್ಧಕ್ಕೆ ಇನ್ನೊಂದರ ಉತ್ತರಾರ್ಧವನ್ನು ಹೊಲಿದು, ಅದಕ್ಕೂ ಪೂರ್ತಿ ಅಂಕ ಪಡೆದವನು ನಾನು. "ಪದ್ಯ ಅಂದ್ರೆ ಬಲಗಡೆ ಜಾಗ ಬಿಟ್ಟಿರೋ ಗದ್ಯ ಅಕ್ಕ, ಅಷ್ಟೇ."

ಅವರು ನಗಲಿಲ್ಲ. ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಹೌದಲ್ವಾ. ಯಾಕೆ ಬಿಟ್ಟಿದಾರೆ?"

"ಕಾಗದ ಹೆಚ್ಚಾಗಿತ್ತೇನೋ."

ಅವರು ಒಳಗೆ ಹೋಗಿ ಕೂತು ಮೊದಲ ಪದ್ಯ ಓದಿದರು. ಪುಸ್ತಕದಲ್ಲಿ ಅದು ಹೀಗಿತ್ತು:

ಬಾಗಿಲು ತೆರೆದಿಟ್ಟೆ
ಗಾಳಿ ಬಂತು
ನೀನು ಬರಲಿಲ್ಲ
ಗಾಳಿಗೇ ಕುರ್ಚಿ ಹಾಕಿದೆ

ಮೊದಲ ಸಲ ಒಂದೇ ಉಸಿರಿನಲ್ಲಿ ಓದಿದರು. ಕಾವಲುಗಾರ ಬೆಳಿಗ್ಗೆ ಬಂದು ರಾತ್ರಿಯ ವರದಿ ಒಪ್ಪಿಸಿದ ಹಾಗಿತ್ತು. ಅವರಿಗೇ ಸರಿ ಕಾಣಲಿಲ್ಲ. ಎರಡನೆಯ ಸಲ ಸ್ವಲ್ಪ ರಾಗ ಎಳೆದರು. ಅದು ಇನ್ನೂ ಕೆಟ್ಟಿತು, ಲಾಟರಿ ಮಾರುವವನ ಗಾಡಿ ಬಂದಂತೆ. ಅವರು ಪುಸ್ತಕ ಕೆಳಗಿಟ್ಟರು. ಆಮೇಲೆ ಪುಸ್ತಕ ನೋಡದೆ ಹೇಳಿದರು: ಬಾಗಿಲು ತೆರೆದಿಟ್ಟೆ. ನಿಂತರು. ಗಾಳಿ ಬಂತು. ನಿಂತರು. ನೀನು ಬರಲಿಲ್ಲ ಎಂದ ಮೇಲೆ ಎಷ್ಟು ಹೊತ್ತು ನಿಂತರೆಂದರೆ, ಹೊರಗೆ ಕೂತ ನಾನು ಕಚೇರಿಯ ಬಾಗಿಲ ಕಡೆ ತಿರುಗಿ ನೋಡಿದೆ. ಯಾರು ಬರಬೇಕಿತ್ತೋ ನನಗೆ ತಿಳಿಯದು. ಮೈ ಜುಮ್ಮೆಂದಿತು. ಏಸಿ ಜಾಸ್ತಿಯಾಗಿದೆ ಎಂದುಕೊಂಡು ಎದ್ದು ಹೋಗಿ ನೋಡಿದರೆ ಏಸಿ ಹಾಕಿಯೇ ಇರಲಿಲ್ಲ.

ಹೊರಗೆ ಬಂದು ಅವರು ಹೇಳಿದ್ದು ಇಷ್ಟು. "ಊರ ಹೆಸರು ಹೇಳಿ ನಿಲ್ಲಬೇಕು ಕಣಪ್ಪ. ಕೇಳಿಸ್ಕೊಂಡೋನಿಗೆ ಎದ್ದು ನಿಲ್ಲೋಕೆ ಹೊತ್ತು ಬೇಡ್ವಾ? ಗಂಟುಮೂಟೆ ಇರುತ್ತೆ, ಮಕ್ಕಳಿರ್ತಾರೆ. ಆ ಬಲಗಡೆ ಜಾಗ ಬಿಟ್ಟಿರೋದು ಓದೋನಿಗಲ್ಲ, ಕೇಳೋನಿಗೆ."

ಕಾವ್ಯದ ಬಗ್ಗೆ ಆ ಪಾಠದಲ್ಲಿ ಮೂವತ್ತೆರಡು ಪುಟ ಇತ್ತು. ನನಗೆ ಅರ್ಥವಾದದ್ದು ಈ ಮಾತು ಒಂದೇ. ಅರ್ಥವಾಯಿತೆಂದು ಅಂದುಕೊಂಡೆ, ಎನ್ನುವುದು ಸರಿ.

ಆ ಹತ್ತು ದಿನ ಅವರು ಬೆಳಿಗ್ಗೆ ಒಂಬತ್ತಕ್ಕೇ ಬರುತ್ತಿದ್ದರು. ಬಿಸಿನೀರಿನ ಫ್ಲಾಸ್ಕು ಮೇಜಿನ ಕೆಳಗೆ. ಅರ್ಧ ಪುಟ ಓದಿದರೆ ಕಾಲು ಗಂಟೆ ಸುಮ್ಮನಿರಬೇಕು. ದನಿ ದಿನೇದಿನೇ ತೆಳುವಾಗುತ್ತಿತ್ತು, ಒಗೆದು ಒಗೆದು ಆಚೆಬದಿ ಕಾಣುವ ಬಟ್ಟೆಯ ಹಾಗೆ. ವ್ಯಾಖ್ಯೆಗಳನ್ನು ಬೇಗ ಓದಿ, ಇದ್ದ ಶಕ್ತಿಯನ್ನೆಲ್ಲ ಪದ್ಯಗಳಿಗೆ ಉಳಿಸಿಕೊಳ್ಳುತ್ತಿದ್ದರು. ಒಂದೊಂದು ಪದ್ಯ ಏಳು ಸಲ, ಎಂಟು ಸಲ. ನಾಳೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಾನು ಆರನೆಯ ದಿನ ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ, ವಿವರಿಸಿದರು.

"ಇಪ್ಪತ್ತೊಂಬತ್ತು ವರ್ಷ ನಾನು ಹೇಳಿದ್ದನ್ನ ಯಾರೂ ಎರಡನೇ ಸಲ ಕೇಳ್ಲಿಲ್ಲ. ಬಸ್ಸು ಹೋದ ಮೇಲೆ ಯಾರಿಗೆ ಬೇಕು ಹೇಳು? ಕೋಳಿ ಪಾಠ ಪರೀಕ್ಷೆ ತನಕ. ಇದನ್ನ ಯಾವುದಾದ್ರೂ ಒಂದು ಹುಡುಗಿ ಸುಮ್ನೆ ಇನ್ನೊಂದ್ಸಲ ಕೇಳಬಹುದು. ಇದೊಂದು ಸರಿಯಾಗಿ ಉಳೀಲಿ. ಆಮೇಲೆ ಗಂಟಲನ್ನ ಡಾಕ್ಟರೇ ಇಟ್ಕೊಳ್ಳಲಿ."

ಹತ್ತನೆಯ ದಿನ ಸಂಜೆ ಐದಕ್ಕೆ ಹನ್ನೊಂದನೆಯ ಪದ್ಯ ಮುಗಿಯಿತು. ಅವರು ಪುಸ್ತಕ ಮುಚ್ಚಿ, ಫ್ಲಾಸ್ಕು ತೆಗೆದುಕೊಂಡು, ಮೇನೇಜರಿಗೆ ಹೇಳಿ ಹೋದರು. ನನಗೆ, ಚೆನ್ನಾಗಿ ಮಾಡಪ್ಪ ಎಂದರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು.

ನಾನು ಚೆನ್ನಾಗಿಯೇ ಮಾಡಿದೆ.

ನಮ್ಮ ಕಂಪ್ಯೂಟರಿನಲ್ಲಿ ಒಂದು ಸೌಕರ್ಯವಿದೆ. ಅರ್ಧ ಸೆಕೆಂಡಿಗಿಂತ ಉದ್ದವಾದ ಮೌನ ಎಲ್ಲೆಲ್ಲಿದೆಯೋ ಅದನ್ನೆಲ್ಲ ತಾನೇ ಹುಡುಕಿ ಕತ್ತರಿಸುತ್ತದೆ. ಪಾಠಗಳು ಎಳೆದಾಡುತ್ತವೆ ಎಂದು ಮಕ್ಕಳು ದೂರು ಹೇಳಿದಾಗ ನಾನೇ ಕಂಡುಹಿಡಿದು ಅಳವಡಿಸಿದ್ದು. ಅದಕ್ಕೆ ಮೇನೇಜರಿಂದ ಹೊಗಳಿಕೆಯೂ ಸಿಕ್ಕಿತ್ತು. ನಾಲ್ಕು ವರ್ಷದಿಂದ ಯಾವ ಪುಸ್ತಕ ಬಂದರೂ ಮೊದಲು ಆ ಗುಂಡಿ ಒತ್ತುವುದು, ಆಮೇಲೆ ಉಳಿದದ್ದು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಯಾರಾದರೂ ಯೋಚಿಸುತ್ತಾರೆಯೇ? ಶುಕ್ರವಾರ ಒತ್ತಿದೆ. ಶನಿವಾರ, ಡಿಸ್ಕಿನಲ್ಲಿ ಜಾಗ ಸಾಲದೆಂದು ಮೂಲ ಪ್ರತಿಗಳನ್ನೆಲ್ಲ ಅಳಿಸುವ ದಿನ. 'ಶನಿವಾರ ಹಳೆಯದನ್ನು ಅಳಿಸಿ' ಎಂದು ಗೋಡೆಯ ಮೇಲಿರುವ ಚೀಟಿಯೂ ನನ್ನ ಕೈಬರಹದ್ದೇ. ಅಳಿಸಿದೆ. ಮೈ ಜುಮ್ಮೆಂದದ್ದು ನನ್ನದೇ ಮೈ. ಕತ್ತರಿಸಿದ್ದು ನನ್ನದೇ ಕೈ. ನಡುವೆ ತಲೆ ಎಂಬುದೊಂದು ಇತ್ತು, ಅದು ವಾರಾಂತ್ಯದ ರಜೆಯ ಲೆಕ್ಕ ಹಾಕುತ್ತಿತ್ತು.

ನಮ್ಮಲ್ಲಿ ಪಾಠ ಹೊರಗೆ ಹೋಗುವ ಮೊದಲು ಒಬ್ಬ ಮೇಷ್ಟ್ರು ಅದನ್ನು ಕೇಳಿ ಒಪ್ಪಬೇಕು. ಹುಟ್ಟಿದಂದಿನಿಂದ ಅವರಿಗೆ ಕಣ್ಣಿಲ್ಲ. ಮೂವತ್ತು ವರ್ಷ ಅಂಧರ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟವರು. ಅವರು ಸಾಮಾನ್ಯವಾಗಿ ಎಲ್ಲವನ್ನೂ ಎರಡುಪಟ್ಟು ವೇಗದಲ್ಲಿ ಕೇಳುತ್ತಾರೆ, ರಾಜರು ಬೇಗ ಸತ್ತಷ್ಟೂ ಒಳ್ಳೆಯದು ಎನ್ನುತ್ತಾರೆ. ಅಕ್ಕನ ಶಸ್ತ್ರಚಿಕಿತ್ಸೆಯಾಗಿ ಎರಡು ವಾರದ ಮೇಲೆ ಅವರು ನನ್ನನ್ನು ಕರೆದರು.

"ಏನಯ್ಯ, ಇದರಲ್ಲಿ ಪದ್ಯ ಎಲ್ಲಿ?"

"ಇದೆಯಲ್ಲ ಸಾರ್. ಹದಿನಾಲ್ಕನೇ ನಿಮಿಷದಲ್ಲಿ ಮೊದಲನೇದು."

"ಹದಿನಾಲ್ಕನೇ ನಿಮಿಷದಲ್ಲಿ ಯಾರೋ ಬಾಗಿಲು ತೆಗೆದು, ಗಾಳಿ ಬಂದು, ಕುರ್ಚಿ ಹಾಕಿದ ಬಗ್ಗೆ ಆಫೀಸಿಗೆ ವರದಿ ಕೊಡ್ತಿದಾರೆ. ನಾನು ವೇಗ ಕಮ್ಮಿ ಮಾಡಿ ಕೇಳ್ದೆ. ಆದ್ರೂ ವರದಿ."

ಅವರು ಹೆಡ್‌ಫೋನಿನ ಒಂದು ಕಿವಿಯನ್ನು ನನ್ನ ಕಡೆ ಚಾಚಿದರು. ಬಾಗಿಲುತೆರೆದಿಟ್ಟೆಗಾಳಿಬಂತುನೀನುಬರಲಿಲ್ಲ. ಎಲ್ಲೂ ಒಂದು ತಪ್ಪಿಲ್ಲ, ಒಂದು ಸದ್ದಿಲ್ಲ. ಅಷ್ಟು ಶುದ್ಧವಾಗಿ ನಾನು ಯಾವತ್ತೂ ಕೆಲಸ ಮಾಡಿದವನಲ್ಲ.

ಮೇಷ್ಟ್ರಿಗೆ ನಡೆದದ್ದು ಹೇಳಿದೆ. ಒಂದು ದಿನ ಕೊಡಿ, ಸರಿಮಾಡುತ್ತೇನೆ ಎಂದೆ. ಕತ್ತರಿಸಿದವನಿಗೆ ಅಂಟಿಸುವುದು ಎಷ್ಟರ ಕೆಲಸ? ಪುಸ್ತಕ ಮುಂದಿಟ್ಟುಕೊಂಡು ಪ್ರತಿ ಸಾಲಿನ ಕೊನೆಗೆ ಒಂದೊಂದು ಸೆಕೆಂಡು, ಕೆಲವು ಕಡೆ ಎರಡು ಸೆಕೆಂಡು ಮೌನ ತುಂಬಿದೆ. ಮೇಷ್ಟ್ರು ಕೇಳಿ, ಸಾಲುಸಾಲಿಗೂ ಕರೆಂಟು ಹೋಗಿಬಂದ ಹಾಗಿದೆ ಎಂದರು. ಬರೀ ಮೌನ ಹಾಕಿದ್ದು ತಪ್ಪಾಯಿತೆಂದು, ಖಾಲಿ ಗಾಜಿನ ಕೋಣೆಯ ಸದ್ದನ್ನೇ ಮುದ್ರಿಸಿ ಆ ಜಾಗಗಳಿಗೆ ಹಾಸಿದೆ. ಈ ಸಲ ಅವರು ಪೂರ್ತಿ ಕೇಳಿದರು.

"ಈಗ ರೂಮಿದೆ," ಎಂದರು. "ಅವರಿಲ್ಲ. ಬಸ್ ಸ್ಟ್ಯಾಂಡಲ್ಲಿ ಆಯಮ್ಮ ಊರ ಹೆಸರು ಹೇಳಿ ನಿಂತಾಗ ಅಲ್ಲಿ ನಿಂತಿರ್ತಿದ್ರು ಕಣಯ್ಯ. ಕಾಯ್ತಿರ್ತಿದ್ರು. ಅದನ್ನೆಲ್ಲಿಂದ ತರ್ತೀಯ?"

ಮೇನೇಜರು ಕೇಳಿ ಎರಡು ದಾರಿ ಹೇಳಿದರು. ಇದ್ದದ್ದನ್ನು ಇದ್ದ ಹಾಗೇ ಕಳಿಸುವುದು. ಮಕ್ಕಳಿಗೆ ಬೇಕಾದ್ದು ಅಂಕ, ಪದ್ಯ ಯಾರಿಗೆ ಬೇಕು? ಇಲ್ಲವಾದರೆ ನಾಟಕದ ಕಂಪನಿಯಲ್ಲಿದ್ದ ಒಬ್ಬರಿಂದ ಮತ್ತೆ ಓದಿಸುವುದು. ಅವರು ಅಡುಗೆ ಅನಿಲದ ಸುರಕ್ಷತೆಯ ಪಾಠವನ್ನೇ ಕೇಳಿದವರು ಅಳುವಂತೆ ಓದಿದ್ದರು. ಏನೇ ಆಗಲಿ, ಆ ಹೆಂಗಸಿಗೆ ಹೇಳುವುದು ಬೇಡ, ಇರುವ ನೋವೇ ಸಾಕು ಎಂದರು. ಅದು ಕರುಣೆಯ ಮಾತು. ಎರಡು ದಿನ ನಾನು ಆ ಕರುಣೆಯನ್ನು ಹೊದ್ದುಕೊಂಡು ಮಲಗಲು ನೋಡಿದೆ. ಚಿಕ್ಕದಾಯಿತು, ತಲೆಗೆಳೆದರೆ ಕಾಲು, ಕಾಲಿಗೆಳೆದರೆ ತಲೆ. ಮೂರನೆಯ ದಿನ ಪಾಠವನ್ನು ಚಿಕ್ಕ ಯಂತ್ರದಲ್ಲಿ ತುಂಬಿಕೊಂಡು ಟೈರು ಅಂಗಡಿಯ ಹಿಂದಿನ ಮನೆಗೆ ಹೋದೆ.

ತಂಗಿ ಬಾಗಿಲು ತೆಗೆದರು. ಕೂರುವಷ್ಟರಲ್ಲಿ ಆಸ್ಪತ್ರೆಯ ಹಾಸಿಗೆ, ನರ್ಸಿನ ಧಿಮಾಕು, ನಳಿಗೆಯಲ್ಲಿ ಊಟ ಹಾಕಿದ್ದು, ಪಕ್ಕದ ಹಾಸಿಗೆಯವನು ತೀರಿಕೊಂಡಿದ್ದು, ಎಲ್ಲ ಹೇಳಿ ಮುಗಿಸಿದ್ದರು. ಅಕ್ಕ ಕಿಟಕಿಯ ಹತ್ತಿರ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ. ಉಸಿರಾಡಿದಾಗ ಅದು ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಸಣ್ಣ ಸದ್ದು ಮಾಡುತ್ತ. ತೊಡೆಯ ಮೇಲೆ ಉದ್ದ ನೋಟ್‌ಬುಕ್ಕು, ಪೆನ್ಸಿಲ್ಲು. ನನ್ನನ್ನು ಕಂಡು ಏನೋ ಬರೆದರು. ತಂಗಿ ಇಸಿದುಕೊಂಡು ಓದಿದರು: "ಮಕ್ಕಳಿಗೆ ಹೋಯಿತಾ ಅಂತ ಕೇಳ್ತಿದಾಳೆ. ಎದ್ದಾಗಿನಿಂದ ಇದೇ. ಏನೋ ಪದ್ಯವಂತೆ."

ದಾರಿಯುದ್ದಕ್ಕೂ ನಾನು ಹೇಗೆ ಶುರು ಮಾಡಬೇಕೆಂದು ನಾಲ್ಕು ರೀತಿ ಯೋಚಿಸಿದ್ದೆ. ನಾಲ್ಕೂ ಕೈಕೊಟ್ಟವು. ಇದ್ದದ್ದು ಇದ್ದ ಹಾಗೆ ಹೇಳಿದೆ, ಗುಂಡಿ ಒತ್ತಿದ್ದು, ಶನಿವಾರ ಅಳಿಸಿದ್ದು. ಅವರಿಗೆ ಮೊದಲು ತಿಳಿಯಲಿಲ್ಲ. ಯಂತ್ರದ ಕಡೆ ಕೈ ಚಾಚಿದರು. ಹೆಡ್‌ಫೋನ್ ತಲೆಗೆ ಹಾಕಿಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಬಿಳಿ ಬಟ್ಟೆ ಬೇಗಬೇಗ ಒಳಗೆ ಹೊರಗೆ ಆಡತೊಡಗಿತು. ಒಂದೊಂದು ಸಾಲಿನ ಕೊನೆಗೂ ಅವರ ಬೆರಳು ತೊಡೆಯ ಮೇಲೆ ನಿಲ್ಲಲು ಹೋಗುತ್ತಿತ್ತು, ಅಷ್ಟರಲ್ಲಿ ಮುಂದಿನ ಸಾಲು ಬಂದು ಮೇಲೆ ಬೀಳುತ್ತಿತ್ತು. ಮೂರು ಪದ್ಯ ಕೇಳಿ ಹೆಡ್‌ಫೋನ್ ತೆಗೆದು ಕೊಟ್ಟರು. ಬರೆದರು.

ತಂಗಿ ಓದಲು ಬಾಯಿ ತೆರೆದು, ಓದದೆ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದರು. 'ಇದು ನಾನಲ್ಲ' ಎಂದಿತ್ತು.

ಆಮೇಲೆ ಬೈದದ್ದು ತಂಗಿ. ಮೆತ್ತಗೆ ಬೈದರು, ಅದೇ ಹೆಚ್ಚು ತಗುಲಿತು. "ಅವಳಿಗೆ ಇದ್ದಿದ್ದೇ ಅದೊಂದು. ಅರ್ಧ ಡಾಕ್ಟರು ತಗೊಂಡ್ರು. ಉಳಿದರ್ಧ ನಿನ್ನ ಕೈಲಿ ಕೊಟ್ಟಿದ್ಲು, ಜೋಪಾನವಾಗಿಟ್ಕೋ ಅಂತ." ಅಷ್ಟು ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು. ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದರೆಂದು ಕಾಣುತ್ತದೆ.

ಅಕ್ಕ ಮತ್ತೆ ಬರೆದರು: 'ಪದ್ಯ ಅಳಿಸು. ಪಾಠ ಇರಲಿ.'

ನಾನು ವಾದಿಸಿದೆ. ದನಿ ನಿಮ್ಮದೇ, ಇನ್ನು ಬರುವುದಿಲ್ಲ, ಹೀಗಾದರೂ ಇರಲಿ, ಕೇಳುವ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದೆ. ಮೇನೇಜರ ಮಾತನ್ನೇ ನನ್ನ ಬಾಯಲ್ಲಿ ಹೇಳಿದೆ. ಅವರು ಬಹಳ ಹೊತ್ತು ಬರೆದರು. ಅಕ್ಷರ ಮಾತ್ರ ನೆಟ್ಟಗೆ, ವೇಳಾಪಟ್ಟಿಯ ಹಾಗೆ.

'ಗೊತ್ತಾಗಲ್ಲ. ಪದ್ಯ ಅಂದ್ರೆ ಇದೇ ಅಂದ್ಕೋತಾರೆ. ಜೀವಮಾನ ಪೂರ್ತಿ ಹಾಗೇ ಅಂದ್ಕೊಂಡಿರ್ತಾರೆ. ನನ್ನ ದನಿ ಉಳಿಸೋಕೆ ಅಷ್ಟು ಮಕ್ಕಳಿಗೆ ಸುಳ್ಳು ಊರು ಹೇಳಲಾ?'

ಹಾಗಾದರೆ ನಾಟಕದವರಿಂದ ಓದಿಸುತ್ತೇವೆ ಎಂದೆ. ಅವರು ತಲೆ ಅಲ್ಲಾಡಿಸಿ ಪೆನ್ಸಿಲ್ಲಿನ ತುದಿಯನ್ನು ನನ್ನ ಕಡೆ ಚಾಚಿದರು. ನಾನು ಹಿಂದೆ ತಿರುಗಿ ನೋಡಿದೆ, ಗೋಡೆಯಿತ್ತು. ನನ್ನ ದನಿ ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದ ಹಾಗಿದೆ ಅಕ್ಕ, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗಲೂ ಬಾಯಿ ಮಾತ್ರ ಆಡಿಸು ಎಂದು ಹೇಳುತ್ತಿದ್ದರು ಎಂದೆ. ಅವರು ಬರೆದರು: 'ಪದ್ಯ ಗೊತ್ತಿರೋರು ಬೇಡ. ನಿಲ್ಲು ಅಂದ್ರೆ ನಿಲ್ಲೋನು ಸಾಕು.'

ಮುಂದಿನ ವಾರ ತಂಗಿಯ ಜೊತೆ ಬಂದರು. ಮೆಟ್ಟಿಲು ಹತ್ತಲು ಇಪ್ಪತ್ತು ನಿಮಿಷವಾಯಿತು. ಮೂರು ಕಡೆ ಕುರ್ಚಿ ಹಾಕಿಸಿದ್ದೆವು. ಮೊದಲು ನನ್ನ ಕಂಪ್ಯೂಟರಿನ ಮುಂದೆ ಕೂತು, ಹನ್ನೊಂದು ಪದ್ಯಗಳನ್ನೂ ನನ್ನ ಕೈಯಲ್ಲಿ ಒಂದೊಂದಾಗಿ ಅಳಿಸಿಸಿದರು. ಪ್ರತಿ ಸಲವೂ ಕಂಪ್ಯೂಟರು, ಖಂಡಿತವಾಗಿ ಅಳಿಸಬೇಕೇ ಎಂದು ಕೇಳಿತು. ಶನಿವಾರಗಳಂದು ಆ ಪ್ರಶ್ನೆಯನ್ನು ನಾನು ಓದಿದ್ದೇ ಇಲ್ಲ. ಅಂದು ಹನ್ನೊಂದು ಸಲ ಓದಿದೆ. ಅಕ್ಕ ಹನ್ನೊಂದು ಸಲವೂ ತಲೆಯಾಡಿಸಿದರು. ತಂಗಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

ಗಾಜಿನ ಕೋಣೆಯೊಳಗೆ ಮೈಕಿನ ಈ ಕಡೆ ನಾನು, ಆ ಕಡೆ ಅವರು. ಹೊರಗೆ ಗುಂಡಿ ಒತ್ತಲು ಮೇಷ್ಟ್ರು. ಯಾವ ಗುಂಡಿ ಎಲ್ಲಿದೆ ಎಂದು ಅವರ ಬೆರಳಿಗೆ ಒಂದು ಸಲ ತೋರಿಸಿದರೆ ಸಾಕಾಯಿತು. ಒಪ್ಪಂದ ಹೀಗೆ: ಸಾಲು ಮುಗಿದ ಕೂಡಲೇ ಅಕ್ಕ ಕೈ ಎತ್ತುತ್ತಾರೆ, ಇಳಿಸಿದ ಮೇಲೆ ನಾನು ಮುಂದಿನ ಸಾಲು ಓದಬೇಕು.

ಬಾಗಿಲು ತೆರೆದಿಟ್ಟೆ ಎಂದೆ. ಕೈ ಎದ್ದಿತು. ಇಳಿಯಿತು. ಗಾಳಿ ಬಂತು ಎಂದೆ. ಎದ್ದಿತು, ಇಳಿಯಿತು. ನೀನು ಬರಲಿಲ್ಲ ಎಂದ ಮೇಲೆ ಎದ್ದ ಕೈ ಇಳಿಯಲಿಲ್ಲ. ನಾನು ಕಾದೆ. ಇಷ್ಟು ಹೊತ್ತು ನಿಂತರೆ ಕೇಳುವವರಿಗೆ ಯಂತ್ರ ಕೆಟ್ಟಿದೆ ಅನ್ನಿಸುತ್ತದೆ ಎಂದುಕೊಂಡು, ತಡೆಯಲಾರದೆ ಗಾಳಿಗೇ ಎಂದುಬಿಟ್ಟೆ. ಅವರು ಮೇಜನ್ನು ಮೆಲ್ಲಗೆ ತಟ್ಟಿ, ಮೊದಲಿಂದ ಎಂದು ಬೆರಳು ಸುತ್ತಿಸಿದರು. ಎರಡನೆಯ ಸಲವೂ ಅಲ್ಲೇ ಜಾರಿದೆ. ಐದನೆಯ ಸಲ, ಆ ಎತ್ತಿದ ಕೈಯನ್ನು ಬಿಟ್ಟು ಬೇರೆ ಏನನ್ನೂ ಯೋಚಿಸದೆ ಕೂತೆ. ಹೆಡ್‌ಫೋನಿನಲ್ಲಿ ಅವರ ಕುತ್ತಿಗೆಯ ಬಟ್ಟೆ ಒಳಗೆ ಹೋಗಿ ಹೊರಗೆ ಬರುವುದು ಕೇಳಿಸುತ್ತಿತ್ತು. ಯಾರೋ ಬರುತ್ತಾರೆ ಎಂದು ನನಗೆ ನಿಜವಾಗಿ ಅನ್ನಿಸತೊಡಗಿತು. ಆಮೇಲೆ, ಇಲ್ಲ, ಬರುವುದಿಲ್ಲ ಎಂದು ಅನ್ನಿಸಿತು. ಆಗ ಕೈ ಇಳಿಯಿತು.

ಹನ್ನೊಂದು ಪದ್ಯಕ್ಕೆ ನಾಲ್ಕು ದಿನ ಹಿಡಿಯಿತು. ಕೊನೆಯ ದಿನ ಮೇಷ್ಟ್ರು ಎಲ್ಲವನ್ನೂ ಇದ್ದ ವೇಗದಲ್ಲೇ ಕೇಳಿದರು. ದನಿ ಘೋರವಾಗಿದೆ, ಆದರೆ ಪದ್ಯ ಇದೆ ಎಂದರು. ಅಕ್ಕ ನೋಟ್‌ಬುಕ್ಕು ಮುಚ್ಚಿದರು. ತಂಗಿಯ ತೋಳು ಹಿಡಿದು ನಿಧಾನವಾಗಿ ಮೆಟ್ಟಿಲಿಳಿದು ಹೋದರು.

ಪಾಠ ಆ ವಾರವೇ ಮಕ್ಕಳಿಗೆ ಹೋಯಿತು. ಅದನ್ನು ಕೇಳುವುದು ಕಷ್ಟ. ಅಕ್ಕನ ದನಿ, ತೆಳುವಾಗಿ, ಸ್ಪಷ್ಟವಾಗಿ, 'ಈ ಕೆಳಗಿನ ಪದ್ಯವನ್ನು ಗಮನಿಸಿ' ಎನ್ನುತ್ತದೆ. ಡಬ್ಬದಲ್ಲಿ ಕಲ್ಲು ಕುಲುಕುತ್ತದೆ. ಮತ್ತೆ ಅವರ ದನಿ, 'ಇಲ್ಲಿ ಕವಿ ಏನನ್ನು ಹೇಳದೆ ಬಿಟ್ಟಿದ್ದಾನೆ?' ಎಂದು ಕೇಳುತ್ತದೆ. ಪಾಠದವರು ಬರೆದ ಪ್ರಶ್ನೆಯೇ ಅದು. ಆದರೂ ಪ್ರತಿ ಸಲ ನನ್ನನ್ನೇ ಕೇಳಿದಂತಾಗುತ್ತದೆ.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ಅಕ್ಕ ತೀರಿಕೊಂಡರು. ರೋಗ ಗಂಟಲಿನಲ್ಲಿ ನಿಂತಿರಲಿಲ್ಲ. ಮೇನೇಜರು, ಮೇಷ್ಟ್ರು, ನಾನು, ಮೂವರೂ ಮನೆಗೆ ಹೋಗಿದ್ದೆವು. ಮೇಷ್ಟ್ರು ಬಾಗಿಲಲ್ಲೇ ನಿಂತು, ಮನೆ ಇಷ್ಟು ಸುಮ್ಮನಿದೆ, ತಂಗಿ ಇಲ್ಲವೇ ಎಂದು ನನ್ನ ಕಿವಿಯಲ್ಲಿ ಕೇಳಿದರು. ತಂಗಿ ಅಲ್ಲೇ, ಎರಡು ಅಡಿ ದೂರದಲ್ಲಿ, ಕೂತಿದ್ದರು.

ಅದಾದ ವಾರಕ್ಕೆ ಕಚೇರಿಗೆ ಒಂದು ಫೋನು ಬಂತು. ಬೇರೆ ಊರಿನ ವಿದ್ಯಾರ್ಥಿನಿ, ಕಾವ್ಯ ಪಾಠದ ಬಗ್ಗೆ ಮಾತಾಡಬೇಕಂತೆ. ಮೇನೇಜರು ಫೋನು ನನಗೆ ಕೊಟ್ಟರು.

"ಪಾಠ ಓದಿದಾರಲ್ಲ ಆ ಮೇಡಮ್ಮು, ಅವರೇ ಯಾಕೆ ಪದ್ಯನೂ ಓದ್ಲಿಲ್ಲ? ಅವರ ದನಿ ಚೆನ್ನಾಗಿದೆ. ಪದ್ಯ ಓದಿರೋರು, ತಪ್ಪು ತಿಳ್ಕೋಬೇಡಿ, ಸ್ವಲ್ಪ..."

"ಗೊತ್ತು," ಎಂದೆ. ಹುಷಾರಿರಲಿಲ್ಲ, ಸಮಯ ಸಾಲಲಿಲ್ಲ, ಯಂತ್ರ ಕೆಟ್ಟಿತ್ತು ಎಂದು ನಾಲಗೆಯ ತುದಿಗೆ ಮೂರು ಉತ್ತರ ಬಂದು ಸಾಲಾಗಿ ನಿಂತವು. "ಅವರೇ ಓದಿದ್ರು. ತುಂಬ ಚೆನ್ನಾಗಿ ಓದಿದ್ರು. ನಾನು ಹಾಳು ಮಾಡ್ದೆ. ಪದ್ಯ ಓದಿರೋನೂ ನಾನೇ."

ಅಕ್ಕನ ಎತ್ತಿದ ಕೈ ಇನ್ನೂ ಇಳಿದಿಲ್ಲವೆನ್ನುವಂತೆ ಕಾದೆ. ಆಮೇಲೆ ಅವಳು, ಹಾಗಾದರೆ ಹನ್ನೊಂದನೆಯ ಪದ್ಯದ ಸಾರಾಂಶ ಪರೀಕ್ಷೆಗೆ ಬರಬಹುದೇ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.